ಕಸಿಚೂರಿಯ ಹಿಡಿ

"ತೆರೀತದೆ ಅಣ್ಣ, ಆದ್ರೆ ನಿಲ್ಲೂದಿಲ್ಲ," ಎನ್ನುತ್ತಾ ಆಕೆ ಹಳೆಯ ಟವೆಲಿನ ತುಂಡು ಬಿಚ್ಚಿ ಚೂರಿಯನ್ನು ತೋರಿಸಿದಳು. ಎಡಗೈ ಹೆಬ್ಬೆರಳಿನ ಉಗುರು ಸಿಕ್ಕಿಸಿ ಅಲಗನ್ನು ಎತ್ತಿದಳು. ಅಲಗು ಎದ್ದಿತು, ಹಾಗೇ ಜೋತುಬಿತ್ತು. ನಾನು ಕೈ ಚಾಚಿದೆ. ಆಕೆ ತಟ್ಟನೆ ಚೂರಿಯನ್ನು ಬಲಗೈಗೆ ದಾಟಿಸಿಕೊಂಡು ನನ್ನ ಅಂಗೈಯಲ್ಲಿಟ್ಟಳು.

ಕೊಪ್ಪದ ನಮ್ಮ ಮನೆಯ ಹಿಂಬದಿಯ ಜಗುಲಿಯೇ ನನ್ನ ಕಾರ್ಖಾನೆ. ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದ ಕಾಲದ ಮೇಜು, ಕಚ್ಚಿ ಹಿಡಿಯುವ ವೈಸು, ಡಬ್ಬಿಗಟ್ಟಲೆ ಅರಗಳು, ಸಾಣೆಕಲ್ಲುಗಳು ಅಲ್ಲಿವೆ. ಈಗ ಅಲ್ಲಿ ಕೂತು ಜೇಬಿನಲ್ಲಿಡುವ ಹಳೆ ಚೂರಿಗಳನ್ನು ಸರಿಮಾಡುತ್ತೇನೆ. ಬೇಕಾದವರಿಗೆ ಅವರವರ ಕೈಗೆ ಹೊಂದುವ ಹಾಗೆ ಹೊಸ ಹಿಡಿ ಹಾಕಿಕೊಡುತ್ತೇನೆ. ನನ್ನ ಹೆಂಡತಿ ಇದನ್ನು ಕೆಲಸ ಎಂದು ಇನ್ನೂ ಒಪ್ಪಿಕೊಂಡಿಲ್ಲ.

ನನ್ನ ಪ್ರಾಯದವರಿಗೆ ನೆನಪಿರಬಹುದು, ಆಗೆಲ್ಲ ಗಂಡಸರ ಜೇಬಿನಲ್ಲಿ ಒಂದು ಮಡಚುವ ಚೂರಿ ಇಲ್ಲದಿದ್ದರೆ ಏನೋ ಮರೆತು ಬಂದ ಹಾಗೆ. ಬಸ್ ಕಾಯುವಾಗ ಅಡಿಕೆ ಹೋಳು ಮಾಡುವುದಕ್ಕೂ ಅದೇ, ಮದುವೆಮನೆಯಲ್ಲಿ ಬಾಳೆಲೆಯ ದಂಟು ಸವರುವುದಕ್ಕೂ ಅದೇ, ಮಕ್ಕಳಿಗೆ ಪೇರಳೆ ಕೊಯ್ದು ಉಪ್ಪು ಸವರಿ ಕೊಡುವುದಕ್ಕೂ ಅದೇ. ನಮ್ಮಪ್ಪನ ಚೂರಿ ಮಡಚುವಾಗ ಟಕ್ ಎಂದು ಒಂದು ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ಅಪ್ಪನ ಮಾತು ಮುಗಿಯಿತು, ಇನ್ನು ವಾದ ಬೇಡ ಎಂದೇ ಅರ್ಥ. ಅಪ್ಪನ ಚೂರಿ ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗೆ ಬರುವ ಪ್ರತಿಯೊಂದು ಚೂರಿಯಲ್ಲೂ ನಾನು ಮೊದಲು ಹುಡುಕುವುದು ಆ ಟಕ್ ಎನ್ನುವುದನ್ನೇ.

ಆಕೆಯ ಚೂರಿಯಲ್ಲಿ ಅದು ಸತ್ತೇ ಹೋಗಿತ್ತು. ಅಲಗನ್ನು ಒತ್ತಿಹಿಡಿಯುವ ಬೆನ್ನಿನ ಪಟ್ಟಿ ನಡುವೆ ಮುರಿದಿತ್ತು. ಕೊಂಬಿನ ಹಿಡಿ ಹುಳ ತಿಂದು ಬಿರುಕುಬಿಟ್ಟಿತ್ತು.

"ಅವಸರ ಉಂಟಾ?" ಎಂದು ಕೇಳಿದೆ.

"ಉಂಟು ಅಣ್ಣ. ಇದು ಅಪ್ಪಯ್ಯಂದು. ಅವ್ರು ಕಸಿ ಕಟ್ಟುವವ್ರು. ನಮ್ಮ ಬೇಗಾರಿನ ಹಳ್ಳದ ಬದಿಯ ಜೀರಿಗೆಮಿಡಿ ಮಾವಿನ ಮರ ಗಾಳಿಗೆ ಬಿದ್ದುಹೋಯ್ತು. ಒಂದು ಮಗ್ಗುಲ ಬೇರು ಇನ್ನೂ ಮಣ್ಣಲ್ಲಿದೆ, ಅದಕ್ಕೆ ಎಲೆ ಹಸಿರಿದೆ. ಅದು ಒಣಗೂದ್ರೊಳಗೆ ಕಡ್ಡಿ ತೆಗ್ದು ಕಸಿ ಕಟ್ಬೇಕು. ಇಲ್ದಿದ್ರೆ ಆ ಮಿಡಿ ಮುಗೀತು."

"ಆ ಮರದ್ದು ಕಸಿ ಮುಂಚೆ ಕಟ್ಟಿರ್ಲಿಲ್ವಾ?"

"ಊರಿನ ಎಲ್ಲರ ಮರದ್ದೂ ಕಟ್ಟಿದಾರೆ. ಇದು ಹೇಗೂ ಮನೆ ಹತ್ರ ಇದೆಯಲ್ಲ, ಎಲ್ಲಿಗೆ ಹೋಗ್ತದೆ ಅಂತ ಬಿಟ್ಟಿದ್ರು. ಅಂಗಡಿ ಬ್ಲೇಡ್ ತಂದುಕೊಟ್ಟೆ, ಬಿಸಾಡಿದ್ರು. ಅವರ ಕೈ ಈಗ ನಡುಗ್ತದೆ. ಇದಾದ್ರೆ ನಿಲ್ತದೆ ಅಂತಾರೆ. ಹಿಡಿ ಸ್ವಲ್ಪ ದಪ್ಪ ಮಾಡಿಕೊಡ್ಬೇಕಂತೆ."

ಬೇಗಾರಿನ ಹಳ್ಳದ ಬದಿಯ ಆ ಮರ ನನಗೆ ಗೊತ್ತಿತ್ತು. ಮನೆಮನೆಗೆ ಹೋಗಿ ಹೊಲಿಗೆ ಮೆಷಿನ್ ಬಿಚ್ಚುತ್ತಿದ್ದ ದಿನಗಳಲ್ಲಿ ಅದರ ಬುಡದಲ್ಲಿ ಕೂತು ಎಷ್ಟೋ ಸಲ ಬುತ್ತಿ ಬಿಚ್ಚಿದ್ದೇನೆ. ಬಿದ್ದ ಮಿಡಿಯ ತೊಟ್ಟು ಮುರಿದರೆ ಸೊನೆಯಲ್ಲಿ ಜೀರಿಗೆಯ ಘಮ. ಕೈ ತೊಳೆದರೂ ಅದು ಸಂಜೆಯವರೆಗೆ ಬೆರಳಲ್ಲಿ ಇರುತ್ತಿತ್ತು. ಅಮ್ಮ ಆ ಮಿಡಿಯನ್ನೇ ತರಿಸಿ ಉಪ್ಪಿಗೆ ಹಾಕುತ್ತಿದ್ದಳು. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಾಗ ಇಡೀ ಅಡುಗೆಮನೆಗೆ ಬರುತ್ತಿದ್ದ ಆ ವಾಸನೆ ನೆನಪಾಗಿ ನನಗೆ ನಿಂತಲ್ಲೇ ಬಾಯಲ್ಲಿ ನೀರೂರಿತು. ಬೇರೆ ಕೆಲಸಗಳನ್ನೆಲ್ಲ ಬದಿಗೆ ಸರಿಸಿದೆ.

ಹಳೆ ಚೂರಿ ಬಿಚ್ಚುವುದಕ್ಕೆ ಮೊದಲು ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಬೇಕು. ತುಕ್ಕು ಸಡಿಲವಾದ ಮೇಲೆ, ಮೊಳೆಗಳ ತಲೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆದು, ತೆಳ್ಳನೆಯ ಉಳಿಯಿಟ್ಟು ಹಗುರಾಗಿ ತಟ್ಟಿ ಹೊರಡಿಸಬೇಕು. ಅವಸರ ಮಾಡಿದರೆ ಹಿತ್ತಾಳೆಯ ಕಟ್ಟು ಸೊಟ್ಟಗಾಗುತ್ತದೆ. ಬಿಚ್ಚಿ ಹರವಿದ ಮೇಲೆ ನೋಡಿದೆ. ಅಲಗು ಎತ್ತಲು ಉಗುರು ಸಿಕ್ಕಿಸುವ ಉಗುರುಗೀರು, ಚೂರಿ ತಯಾರಾದಾಗಲೇ ಮಾಡಿದ್ದು, ಅಲಗಿನ ಒಂದು ಮಗ್ಗುಲಲ್ಲಿತ್ತು. ಇನ್ನೊಂದು ಮಗ್ಗುಲಲ್ಲಿ ಯಾರೋ ಕೈಯಿಂದ ಅರ ಹಾಕಿ ಮತ್ತೊಂದು ಗೀರು ಮಾಡಿದ್ದರು. ಯಾಕಿರಬಹುದು ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಮುರಿದ ಪಟ್ಟಿಯ ತಲೆಬಿಸಿಯಲ್ಲಿ ಅದನ್ನು ಮರೆತೆ.

ಪಟ್ಟಿಗೆ ಹಳೆಯ ಕೈಗರಗಸದ ಉಕ್ಕು ಒಳ್ಳೆಯದು. ಮುರಿದ ತುಂಡುಗಳನ್ನು ಅದರ ಮೇಲಿಟ್ಟು ಗೆರೆ ಹಾಕಿ, ಕೊಯ್ದು, ಅರದಲ್ಲಿ ಆಕಾರಕ್ಕೆ ತಂದೆ. ಗೆರಟೆಯ ಕೆಂಡ ಮಾಡಿ, ಸೊಸೆ ಬಿಟ್ಟುಹೋದ ಕೂದಲು ಒಣಗಿಸುವ ಮೆಷಿನ್ನಿನಿಂದ ಗಾಳಿ ಕೊಟ್ಟೆ. ಉಕ್ಕು ಕೆಂಪಾಗಿ ಅಯಸ್ಕಾಂತಕ್ಕೆ ಅಂಟುವುದು ನಿಂತ ಕೂಡಲೇ ಎಣ್ಣೆಗೆ ಅದ್ದಬೇಕು. ಅದ್ದಿದೆ. ಆಗ ಅದು ಗಾಜಿನಷ್ಟು ಗಡುಸಾಗಿರುತ್ತದೆ, ಮತ್ತೆ ಹದವಾಗಿ ಕಾಯಿಸಿ ಮೆತ್ತಗೆ ಮಾಡಬೇಕು. ಮೊದಲನೆಯದಕ್ಕೆ ಬಣ್ಣ ಇನ್ನೂ ಕಂದಾಗಿರುವಾಗಲೇ ಸಾಕು ಅಂದುಕೊಂಡುಬಿಟ್ಟೆ. ಅಲಗು ಕೂರಿಸಿ ಒಮ್ಮೆ ಎತ್ತಿದೆ, ಪಟ್ಟಿ ಪಟಕ್ಕನೆ ತುಂಡಾಯಿತು.

ಎರಡನೆಯದನ್ನು ನೀಲಿ ಬಣ್ಣ ಬರುವವರೆಗೆ ಕಾಯಿಸಬೇಕಿತ್ತು. ಅದಕ್ಕೆ ಶಾಖ ಎಲ್ಲ ಕಡೆಗೂ ಒಂದೇ ಸಮ ತಾಗಬೇಕು. ಮರಳು ಹಾಕಿ ಗ್ಯಾಸಿನ ಮೇಲಿಡುವುದಕ್ಕೆ ದಪ್ಪ ತಳದ ಒಂದೇ ಪಾತ್ರೆ ಮನೆಯಲ್ಲಿತ್ತು.

"ರೀ, ಅದು ನನ್ನ ದೋಸೆಕಾವಲಿ!"

"ಗೊತ್ತು ಮಾರಾಯ್ತಿ. ತೊಳೆದುಕೊಡ್ತೇನೆ."

"ತೊಳೀಬೇಡಿ. ನಾಳೆಯಿಂದ ನೀವೇ ಅದರಲ್ಲಿ ಚೂರಿ ಹುಯ್ಕೊಂಡು ತಿನ್ನಿ."

ಉಕ್ಕು ಹೊಂಬಣ್ಣಕ್ಕೆ ತಿರುಗಿ, ಆಮೇಲೆ ನೇರಳೆಯಾಗಿ, ಕೊನೆಗೆ ಕಡುನೀಲಿಗೆ ಬಂತು. ಇಕ್ಕಳದಲ್ಲಿ ಎತ್ತಿಕೊಂಡೆ. ಅಲಗಿನ ಜೊತೆ ಕೂರಿಸಿ ಮಡಚಿದಾಗ ಟಕ್ ಎಂದಿತು. ನಾನು ಅದನ್ನು ತೆರೆಯುವುದು ಮಡಚುವುದು ಮಾಡುತ್ತಾ ಕೂತೇಬಿಟ್ಟೆ. ಅಡುಗೆಮನೆಯಿಂದ, "ಸಾಕು ಮಾರಾಯ್ರೆ, ಕೇಳ್ತು," ಎಂದು ಬಂತು.

ಆ ಖುಷಿಯಲ್ಲೇ ಅಲಗಿಗೆ ಕೈ ಹಾಕಿದೆ. ನಮ್ಮ ಕಡೆ ಎಲೆ ಅಡಿಕೆ ಹಾಕುವವರು ಚೂರಿಯನ್ನು ಜಗುಲಿಯ ಕಲ್ಲಿಗೆ ಉಜ್ಜುತ್ತಾರೆ, ಅದೂ ಕೈಗೆ ಹಿತವಾದ ಒಂದೇ ಮಗ್ಗುಲಿಗೆ. ಹಾಗಾಗಿ ನನಗೆ ಬರುವ ಚೂರಿಗಳಲ್ಲಿ ಬಹಳಷ್ಟು ಒಂದು ಬದಿ ಸವೆದು ಇನ್ನೊಂದು ಬದಿ ಚಪ್ಪಟೆಯಾಗಿರುತ್ತವೆ. ಅದನ್ನು ಎರಡೂ ಬದಿಗೆ ಸಮವಾಗಿ ಮಸೆದುಕೊಡುವುದು ನನ್ನ ಪದ್ಧತಿ, ಜನ ಅದಕ್ಕೇ ಹೊಗಳುವುದು. ಇದೂ ಒಂದೇ ಬದಿಗೆ ಸವೆದಿತ್ತು, ಆದರೆ ಉಳಿದವುಗಳಿಗಿಂತ ಎದುರು ಬದಿಗೆ. ಚಪ್ಪಟೆಯಿದ್ದ ಮಗ್ಗುಲನ್ನು ಸಾಣೆಕಲ್ಲಿಗೆ ಓರೆಯಾಗಿ ಹಿಡಿದು, ಚಂದವಾಗಿ ಹರಿತದ ಬಾಯಿ ಎಬ್ಬಿಸಿದೆ. ಕಾಗದ ಹಿಡಿದರೆ ಸರ್ರನೆ ಸೀಳುತ್ತಿತ್ತು.

ಮಾರನೆಯ ದಿನ ಹಿಡಿಯ ಅಳತೆ ಕೊಡಲು ಆಕೆಯ ತಂದೆ, ಆ ಕಸಿಯವರೇ, ಬಸ್ಸಿನಲ್ಲಿ ಬಂದರು. ಬಿಳಿ ಗಡ್ಡದ ತೆಳ್ಳನೆಯ ಹಿರಿಯರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಚೂರಿಯನ್ನು ಟಕ್ ಎನ್ನಿಸಿ ನೋಡಿ, "ಆಹಾ, ಜೀವ ಬಂತಲ್ಲ ಮಾರಾಯ್ರೆ," ಎಂದರು. ನಾನು ಹಿಗ್ಗಿದೆ. ಅವರು ಅಂಗಳದ ದಾಸವಾಳದಿಂದ ಒಂದು ಕಡ್ಡಿ ಮುರಿದು, ಎಡಗೈಯಲ್ಲಿ ಚೂರಿ ಹಿಡಿದು, ಓರೆಯಾಗಿ ಎಳೆದರು. ಇನ್ನೊಂದು ಕಡ್ಡಿಯನ್ನೂ ಹಾಗೇ ಕೊಯ್ದರು. ಎರಡನ್ನೂ ಒಂದಕ್ಕೊಂದು ಒತ್ತಿ ಸೂರ್ಯನ ಕಡೆಗೆ ಎತ್ತಿ ಹಿಡಿದರು. ಅವರ ಕೈ ನಡುಗುತ್ತಿತ್ತು.

"ಬೆಳಕು ಬರ್ತಾ ಇದೆ ನೋಡಿ," ಎಂದರು.

ನಾನೂ ನೋಡಿದೆ. ಎರಡು ಕಡ್ಡಿಗಳ ನಡುವೆ ಕೂದಲೆಳೆಯಷ್ಟು ಸಂದು ಇತ್ತು.

"ಕಸಿಚೂರಿಗೆ ಒಂದೇ ಮಗ್ಗುಲಿಗೆ ಬಾಯಿ. ಇನ್ನೊಂದು ಮಗ್ಗುಲು ಕನ್ನಡಿ ಇದ್ದ ಹಾಗೆ ಚಪ್ಪಟೆ ಇರ್ಬೇಕು. ಆಗ ಕೊಯ್ದದ್ದು ಸಪಾಟು ಬರ್ತದೆ. ಈಗ ನಡು ಉಬ್ಬಿದೆ. ಬೆಳಕು ಹೋಗುವಲ್ಲಿ ಗಾಳಿ ಹೋಗ್ತದೆ, ಗಾಳಿ ಹೋದ್ರೆ ಕಡ್ಡಿ ಒಣಗ್ತದೆ." ಅವರು ಬೈಯಲಿಲ್ಲ. ಚೂರಿಯನ್ನು ಮೇಜಿನ ಮೇಲಿಟ್ಟರು. ಬೈದಿದ್ದರೆ ಒಳ್ಳೆಯದಿತ್ತು. ಕಸಿಚೂರಿ ಅದುವರೆಗೆ ನನ್ನ ಕೈಗೆ ಬಂದಿರಲಿಲ್ಲ ಎಂದು ಹೇಳಬೇಕೆನಿಸಿತು, ಹೇಳಿ ಪ್ರಯೋಜನವಿರಲಿಲ್ಲ.

"ಸರಿ ಮಾಡ್ತೇನೆ," ಎಂದೆ. "ಅಳತೆ ಕೊಡಿ."

ಹಿಡಿಯ ಅಳತೆ ತೆಗೆಯುವುದಕ್ಕೆ ನನ್ನದೊಂದು ಉಪಾಯವಿದೆ. ಚಪಾತಿ ಹಿಟ್ಟಿನ ಉಂಡೆಯನ್ನು ಚೂರಿ ಹಿಡಿಯುವ ಹಾಗೆ ಹಿಡಿಸುತ್ತೇನೆ. ಬೆರಳು ಎಲ್ಲಿ ಕೂರುತ್ತದೆ, ಅಂಗೈ ಎಲ್ಲಿ ತುಂಬುತ್ತದೆ ಎನ್ನುವುದೆಲ್ಲ ಅದರಲ್ಲಿ ಮೂಡುತ್ತದೆ. ಅವರು ಎಡಗೈ ಚಾಚಿದರು. ಆಗ ಆ ಎರಡನೆಯ ಉಗುರುಗೀರು, ಎದುರು ಬದಿಗೆ ಸವೆದ ಬಾಯಿ, ಎಲ್ಲ ಒಟ್ಟಿಗೆ ಅರ್ಥವಾಯಿತು.

"ನೀವು ಎಡಗೈಯವರಾ?"

"ಎಡಚ ಅಂತಲೇ ಕರೀತಿದ್ರು. ಊಟಕ್ಕೆ ಕೂತ್ರೆ ಅಜ್ಜಿ ಸೌಟಲ್ಲೇ ಎಡಗೈಗೆ ಒಂದೇಟು ಬಿಡ್ತಿದ್ಲು. ಉಣ್ಣೂದು, ಬರಿಯೂದು, ಕೊಡೂದು ತಗೊಳ್ಳೂದು ಎಲ್ಲ ಬಲಗೈಗೆ ಬಂತು. ಚೂರಿ ಮಾತ್ರ ಬರ್ಲಿಲ್ಲ." ಹಿಟ್ಟನ್ನು ಒತ್ತಿ ಹಿಡಿದೇ ಮುಂದುವರಿಸಿದರು. "ಮಗಳಿಗೂ ಇತ್ತು ಅದು. ಸಣ್ಣದಿರುವಾಗ್ಲೇ ಬಿಡಿಸ್ದೆ. ಹೆಣ್ಣುಮಗು, ಬಡಿಸೋ ಕೈ ಅಲ್ವಾ."

ಆಕೆ ಚೂರಿ ತೆರೆದ ಕೈ ನನಗೆ ನೆನಪಾಯಿತು. ಅದು ಅಪ್ಪ ಮಗಳ ವಿಷಯ.

ಹಿಟ್ಟನ್ನು ಒದ್ದೆಬಟ್ಟೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆ. "ಇನ್ನು ಮೊಸರಿನ ಪಕ್ಕ ಊರವರ ಕೈ ಇಟ್ಕೊಂಡು ಬದುಕ್ಬೇಕು," ಎಂದು ಹೆಂಡತಿ ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು.

ನಾನು ಎಬ್ಬಿಸಿದ ಬಾಯಿಯನ್ನು ನಾನೇ ಅಳಿಸಬೇಕಿತ್ತು. ಆ ಮಗ್ಗುಲನ್ನು ಇಡಿಯಾಗಿ ಸವೆಸಿದರೆ ಮಾತ್ರ ಮತ್ತೆ ಚಪ್ಪಟೆಯಾಗುತ್ತದೆ. ಅಲಗು ಮೊದಲೇ ಸವೆದು ಸಣ್ಣದಾಗಿತ್ತು, ಕಳೆದುಕೊಳ್ಳಲು ಉಕ್ಕು ಹೆಚ್ಚಿರಲಿಲ್ಲ. ಕರೆಂಟಿನ ಸಾಣೆಗೆ ಕೊಟ್ಟರೆ ಬೇಗ ಆಗುತ್ತದೆ, ಆದರೆ ಆ ಬಿಸಿಗೆ ಹದ ಹೋಗಿ ಬಾಯಿ ಮೆತ್ತಗಾಗುತ್ತದೆ. ದಪ್ಪ ಗಾಜಿನ ತುಂಡಿನ ಮೇಲೆ ವಾಟರ್ ಪೇಪರ್ ಎಂಬ ಉಜ್ಜುಕಾಗದ ಹಾಸಿ, ನೀರು ಚಿಮುಕಿಸಿ, ಅಲಗನ್ನು ಬೆರಳುಗಳಿಂದ ಒತ್ತಿ ಹಿಂದೆ ಮುಂದೆ ಉಜ್ಜತೊಡಗಿದೆ. ಆಗಾಗ ಆ ಮಗ್ಗುಲಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಒಂದೆರಡು ಸಲ ಉಜ್ಜಿ ನೋಡುತ್ತಿದ್ದೆ. ಮಸಿ ಎಲ್ಲಿ ಉಳಿಯುತ್ತದೋ ಅಲ್ಲಿ ಇನ್ನೂ ತಗ್ಗಿದೆ ಎಂದರ್ಥ. ಬಾಯಿಯ ಅಂಚಿನ ಮಸಿ ಹೋಗಲೊಲ್ಲದು. ಬೆರಳ ತುದಿ ಮರಗಟ್ಟಿತು. ಮನೆಯಲ್ಲಿ ಊಟಕ್ಕೆ ಕರೆದರೂ ಏಳದೆ ಉಜ್ಜಿದೆ. ಸಂಜೆಯ ಹೊತ್ತಿಗೆ ಕೊನೆಯ ಕಪ್ಪು ಗೆರೆ ಮಾಯವಾಯಿತು. ದಾಸವಾಳದ ಕಡ್ಡಿ ಕೊಯ್ಯಲು ಚೂರಿ ನನ್ನ ಬಲಗೈಗೆ ಬಗ್ಗಲಿಲ್ಲ, ಹೇಗೋ ಎಡಗೈಯಲ್ಲಿ ಎಳೆದು ಎರಡನ್ನು ಜೋಡಿಸಿ ನೋಡಿದೆ. ಬೆಳಕು ಬರಲಿಲ್ಲ. ಆಗ ನನಗೆ ಸುಮ್ಮನೆ ಅಳು ಬಂದ ಹಾಗಾಯಿತು.

ಇನ್ನು ಉಳಿದದ್ದು ಹಿಡಿ. ಹಳೆ ಮಂಚದ ಮುರಿದ ಬೀಟೆಮರದ ಕಾಲನ್ನು ಸೀಳಿ ಎರಡು ಹೋಳು ಮಾಡಿಟ್ಟಿದ್ದೆ. ಹಿಟ್ಟಿನ ಅಚ್ಚು ನೋಡಿಕೊಂಡು ಕೆತ್ತಿ, ಉಜ್ಜಿ, ಎಣ್ಣೆ ಕುಡಿಸಿ, ಮೊಳೆ ಬಡಿಯುವ ಸಾವಕಾಶದ ಕೆಲಸ ಅದು. ಹೋಳುಗಳನ್ನು ಚೌಕಾಕಾರವಾಗಿ ಕೊಯ್ಯುವಷ್ಟರಲ್ಲಿ, ಮರುದಿನ ಬೆಳಿಗ್ಗೆ, ಆಕೆಯ ಫೋನ್ ಬಂತು.

"ಅಣ್ಣ, ಮೇಲಿನ ಕೊಂಬೆಯ ಎಲೆ ಎಲ್ಲ ಜೋತುಬಿದ್ದಿದೆ. ಕೆಳಗಿನ ಒಂದು ಕೊಂಬೆ ಮಾತ್ರ ಹಸಿ ಉಂಟು. ಅಪ್ಪಯ್ಯ ಬೆಳಗಿಂದ ಅದರ ಹತ್ರವೇ ಕೂತಿದಾರೆ."

ಅರೆಬರೆ ಕೆಲಸವನ್ನು ಮನೆಯಿಂದ ಹೊರಗೆ ಕಳಿಸಿದವನಲ್ಲ ನಾನು. ಆದರೆ ಹಿಡಿ ಚಂದವಾಗುವವರೆಗೆ ಕಾದರೆ, ಕೊಯ್ಯಲು ಏನೂ ಉಳಿಯದ ಮೇಲೆ ಚಂದದ ಚೂರಿ ಕೊಟ್ಟ ಹಾಗಾಗುತ್ತಿತ್ತು. ಹೋಳುಗಳನ್ನು ಹಾಗೇ ಇಟ್ಟು ಮೊಳೆ ತೂರಿಸಿ, ಬಡಿಯದೆ, ಮೇಲೆ ಹೊಲಿಗೆನೂಲು ಬಿಗಿಯಾಗಿ ಸುತ್ತಿದೆ. ಅರ, ವಾಟರ್ ಪೇಪರ್, ಹಿಟ್ಟಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಶೃಂಗೇರಿಯಲ್ಲಿ ಇಳಿದು ಬೇರೆ ಬಸ್ ಹಿಡಿದೆ.

ಮರ ಹಳ್ಳದ ಬದಿಯಲ್ಲಿ ಮಲಗಿತ್ತು. ನಾನು ಬುತ್ತಿ ಬಿಚ್ಚುತ್ತಿದ್ದ ಬುಡ ಆಕಾಶಕ್ಕೆ ಮುಖ ಮಾಡಿತ್ತು. ಪಕ್ಕದಲ್ಲಿ ಗೋಣಿ ಹಾಸಿ ಕಸಿಯವರು ಕೂತಿದ್ದರು. ಎದುರಿಗೆ ಗೊರಟಿನಿಂದ ಎದ್ದ ಕಾಟುಮಾವಿನ ಸಸಿಗಳು, ಪ್ಲಾಸ್ಟಿಕ್ ಪಟ್ಟಿಗಳ ಕಟ್ಟು. ಮಗಳು ಹಸಿ ಕೊಂಬೆಯಿಂದ ತೆಗೆದ ಕಡ್ಡಿಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕಸಿಗೆ ಆಗುವಂಥವು ಒಂದು ಹಿಡಿಯಷ್ಟೂ ಇರಲಿಲ್ಲ.

ಅವರು ಚೂರಿ ತೆಗೆದುಕೊಂಡು ಚಪ್ಪಟೆ ಮಗ್ಗುಲಿಗೆ ಹೆಬ್ಬೆರಳು ಸವರಿ ತಲೆಯಾಡಿಸಿದರು. ಕಸಿಕಡ್ಡಿಯ ತುದಿಯನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಕೊಯ್ದು, ಸೀಳಿದ ಸಸಿಯೊಳಗೆ ಕೂರಿಸಿ ಪಟ್ಟಿ ಸುತ್ತಬೇಕು. ಮೊದಲನೆಯ ಎಳೆತ ಸರಿಯಾಗಿಯೇ ಹೊರಟಿತು. ನಡುವೆ ಕೈ ನಡುಗಿ ಕೊಯ್ದ ಜಾಗದಲ್ಲಿ ಮೆಟ್ಟಿಲು ಬಿತ್ತು. ಅದನ್ನು ಬಿಸಾಡಿ ಇನ್ನೊಂದನ್ನು ತೆಗೆದುಕೊಂಡರು. ಅದೂ ಹಾಗೇ ಆಯಿತು. ಮೂರನೆಯದು ತುಂಡಾಗಿ ಬಿತ್ತು. ಮಗಳು ಮುಂದಿನ ಕಡ್ಡಿ ಕೊಡದೆ ಬಟ್ಟೆಯನ್ನು ಮಡಿಲಿಗೆ ಒತ್ತಿಕೊಂಡಳು.

"ಹಿಡಿ ದಪ್ಪ ಆದ್ರೆ ನಿಲ್ತದೆ ಅಂದ್ಕೊಂಡಿದ್ದೆ," ಎಂದು ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ತಪ್ಪು ಹಿಡಿಯದ್ದಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನೀವು ಕೊಯ್ದುಕೊಡಿ ಮಾರಾಯ್ರೆ. ನಿಮ್ಮ ಕೈಗೆ ಕಸುಬು ಉಂಟು," ಎಂದರು.

ನಾನು ದಾಸವಾಳದಲ್ಲಿ ತೋರಿಸಿದ ಪ್ರತಾಪವನ್ನು ನೆನೆದು ಕೂತೆ. ಬಲಗೈಗೆ ಆ ಅಲಗು ಒಳಕ್ಕೆ ಕಚ್ಚಿತು, ಎಡಗೈಗೆ ಗೆರೆ ಸೊಟ್ಟಗೆ ಹೋಯಿತು. ಇನ್ನೊಂದು ಕಡ್ಡಿ ಹಾಳಾಯಿತು. ಚೂರಿಯನ್ನು ಗೋಣಿಯ ಮೇಲೆ ಇಟ್ಟುಬಿಟ್ಟೆ. ಉಳಿದ ಕಡ್ಡಿಗಳು ಆಕೆಯ ಮಡಿಲಲ್ಲಿ ಇದ್ದಷ್ಟೇ.

ಆಕೆ ಒಮ್ಮೆ ಅಪ್ಪನ ಮುಖ ನೋಡಿದಳು. ಚೂರಿಯನ್ನು ಎಡಗೈಯಲ್ಲಿ ಎತ್ತಿಕೊಂಡಳು. ಕಡ್ಡಿಯನ್ನು ಬಲಗೈ ಬೆರಳುಗಳ ನಡುವೆ ಬಿಗಿದು ಒಂದೇ ಎಳೆತಕ್ಕೆ ಒಂದು ಮಗ್ಗುಲು ತೆಗೆದಳು, ತಿರುಗಿಸಿ ಇನ್ನೊಂದು. ಸಿಪ್ಪೆ ಸುರುಳಿಯಾಗಿ ಅವಳ ಸೀರೆಯ ಮೇಲೆ ಬಿತ್ತು. ಜೀರಿಗೆಯ ಘಮ ಎದ್ದಿತು. ಸಸಿ ಸೀಳಿ ಕೂರಿಸಿದಳು. ಅಪ್ಪ ಬಗ್ಗಿ, ಆ ಕೂಡಿದ ಜಾಗವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಾವಾಗ ಕಲ್ತೆ?"

"ಪಟ್ಟಿ ಸುತ್ತೂಕೆ ನಿಮ್ಮ ಹತ್ರ ನಾನೇ ಕೂರ್ತಿದ್ನಲ್ಲ ಅಪ್ಪಯ್ಯ. ನೀವು ಊಟಕ್ಕೆ ಎದ್ದಾಗ ಬಿಸಾಡಿದ ಕಡ್ಡಿಲಿ ಮಾಡ್ತಿದ್ದೆ."

"ಹೇಳ್ಬಾರದಿತ್ತಾ?"

"ಬೈತಿದ್ರಿ."

ಅವರು ಪ್ಲಾಸ್ಟಿಕ್ ಪಟ್ಟಿ ತೆಗೆದು ಸುತ್ತತೊಡಗಿದರು. ಆ ಕೆಲಸಕ್ಕೆ ನಡುಗುವ ಕೈಯೂ ಸಾಕಾಗುತ್ತಿತ್ತು. ಅವಳು ಕೊಯ್ದಳು, ಅವರು ಸುತ್ತಿದರು. ನಾನು ಸಸಿಗಳನ್ನು ನೆರಳಿಗೆ ಸಾಗಿಸಿದೆ. ಒದ್ದೆಬಟ್ಟೆ ಖಾಲಿಯಾಗುವವರೆಗೆ ಒಂದು ಕಡ್ಡಿಯೂ ಹಾಳಾಗಲಿಲ್ಲ. ಅವಳು ಚೂರಿಯನ್ನು ಒರೆಸಿ ಮಡಚಿದಳು. ಟಕ್ ಎಂದಿತು. ನನಗೆ ಅಪ್ಪನ ನೆನಪಾಯಿತು.

ಕಾಫಿ ಕುಡಿದಾದ ಮೇಲೆ ನಾನು ಚೀಲದಿಂದ ಡಬ್ಬಿ ತೆಗೆದೆ. "ಇಲ್ಲೇ ಕೂತು ಹಿಡಿ ಕೆತ್ತಿಕೊಡ್ತೇನೆ. ನಿಮ್ಮ ಅಳತೆ ತಂದಿದ್ದೇನೆ," ಎಂದೆ.

ಕಸಿಯವರು ಒದ್ದೆಬಟ್ಟೆ ಬಿಚ್ಚಿದರು. ಹಿಟ್ಟಿನ ಮೇಲೆ ಅವರ ಬೆರಳುಗಳು ಒತ್ತಿದ ಗುರುತು ಹಾಗೇ ಇತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ಎರಡೂ ಕೈಯಲ್ಲಿ ಕಲಸಿ, ಗುರುತೊಂದೂ ಉಳಿಯದ ಹಾಗೆ ಉಂಡೆ ಮಾಡಿದರು. ಎಡಗೈಯಲ್ಲೇ ಅದನ್ನು ಹಿಡಿದು ಮಗಳ ಮುಂದೆ ಚಾಚಿದರು.

ಅವಳು ಅಭ್ಯಾಸಬಲದಿಂದ ಬಲಗೈ ಮುಂದೆ ಮಾಡಿದಳು.

"ಆ ಕೈಯಲ್ಲ ಮಗಾ," ಎಂದರು. "ನಿನ್ನ ಕೈ ಕೊಡು."